‘ನಾವು’ ಅಂದರೆ ಯಾರ್ಯಾರು? ಎಲ್ಫ್ ನುಡಿಗಳ ಬೆನ್ನು ಹತ್ತಿದ ಎರಡು ಪುಟ್ಟ ಪತ್ರಿಕೆಗಳ ಕತೆ

ಬದಲಾದದ್ದು ಒಂದೇ ಒಂದು ಅಕ್ಷರ. 1954ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ಮೊದಲು ಅಚ್ಚಾದಾಗ ಅದರ ನಾಯಕ ಫ್ರೋಡೋ, ಎಲ್ಫ್‌ಗಳೆಂಬ ಕಾಲ್ಪನಿಕ ಜನರಿಗೆ ಅವರದೇ ನುಡಿಯಲ್ಲಿ ಹೇಳುವ ವಂದನೆಯ ಕೊನೆಯ ಪದ ‘ಒಮೆಂತಿಯೆಲ್ಮೊ’ ಅಂತ ಇತ್ತು. ‘ನಮ್ಮ ಭೇಟಿಯ’ ಎಂದು ಅದರ ಅರ್ಥ. 1960ರ ದಶಕದಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಅದು ‘ಒಮೆಂತಿಯೆಲ್ವೊ’ ಆಯಿತು. ‘ಮೊ’ ಹೋಗಿ ‘ವೊ’ ಬಂತು. ಅರ್ಥ ಮಾತ್ರ ಅದೇ, ‘ನಮ್ಮ ಭೇಟಿಯ’. ಹಾಗಾದರೆ ಲೇಖಕ ಜೆ. ಆರ್. ಆರ್. ಟೋಲ್ಕೀನ್ ಯಾಕೆ ತಿದ್ದಿದರು?

ತುಳು ಮಾತಾಡುವವರಿಗೆ ಇದನ್ನು ಬೇಗ ಅರ್ಥ ಮಾಡಿಸಬಹುದು. ತುಳುವಿನಲ್ಲಿ ‘ನಮ’ ಅಂದರೆ ನೀನೂ ಸೇರಿದ ನಾವು. ‘ಎಂಕುಲು’ ಅಂದರೆ ನಿನ್ನನ್ನು ಬಿಟ್ಟು ನಾವು. ತೆಲುಗಿನಲ್ಲೂ ‘ಮನಮು’, ‘ಮೇಮು’ ಅಂತ ಎರಡು ಇವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. “ನಾವು ಊಟಕ್ಕೆ ಹೋಗ್ತಿದ್ದೀವಿ” ಅಂತ ಗೆಳೆಯ ಅಂದರೆ ನನ್ನನ್ನೂ ಕರೆದನೋ, ಸುಮ್ನೆ ವಿಷಯ ತಿಳಿಸಿದನೋ ಗೊತ್ತಾಗುವುದಿಲ್ಲ. ಎಲ್ಫ್‌ಗಳಿಗಾಗಿ ಟೋಲ್ಕೀನ್ ಕಟ್ಟಿದ ಕ್ವೆನ್ಯಾ ಭಾಷೆಯಲ್ಲಿ ಈ ಗೊಂದಲಕ್ಕೆ ಜಾಗವಿಲ್ಲ. ಮೊದಲು ‘ಲ್ಮ’ ಎಂಬ ಪ್ರತ್ಯಯವೇ ಕೇಳುವವನನ್ನೂ ಒಳಗೆ ಸೇರಿಸಿಕೊಳ್ಳುತ್ತಿತ್ತು. ಆಮೇಲೆ ಅವರು ವ್ಯಾಕರಣವನ್ನೇ ಬದಲಿಸಿದರು. ‘ಲ್ಮ’ ಕೇಳುವವನನ್ನು ಹೊರಗಿಡುವ ಪ್ರತ್ಯಯವಾಯಿತು, ಒಳಗೆ ಸೇರಿಸುವ ಕೆಲಸ ‘ಲ್ವ’ಕ್ಕೆ ಬಂತು. ಭೇಟಿ ಅಂದಮೇಲೆ ಎದುರಿಗಿರುವವನೂ ಅದರಲ್ಲಿ ಇರಬೇಕು, ಅಲ್ವಾ? ಅದಕ್ಕೇ ಆ ತಿದ್ದುಪಡಿ.

ಇಂಥ ಒಂದು ಅಕ್ಷರದ ಹಿಂದೆ ವರ್ಷಗಟ್ಟಲೆ ಬಿದ್ದವರಿದ್ದಾರೆ. ಅವರು ತಮಗಾಗಿ ಪತ್ರಿಕೆಗಳನ್ನೇ ಮಾಡಿಕೊಂಡರು. ಅವುಗಳಲ್ಲಿ ಮುಖ್ಯವಾದವು ಎರಡು: ‘ಪಾರ್ಮಾ ಎಲ್ದಲಂಬೆರೊನ್’ ಮತ್ತು ‘ವಿನ್ಯಾರ್ ತೆಂಗ್ವಾರ್’.

ಟೋಲ್ಕೀನ್ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕರು. ಭಾಷೆ ಕಟ್ಟುವ ಗೀಳು ಅವರಿಗೆ ಹುಡುಗಾಟದ ದಿನಗಳಲ್ಲೇ ಹತ್ತಿತ್ತು. ಕಾಲೇಜಿನ ಗ್ರಂಥಾಲಯದಲ್ಲಿ ಫಿನ್ನಿಷ್ ಭಾಷೆಯ ಒಂದು ವ್ಯಾಕರಣ ಸಿಕ್ಕಿತು. ಅದರ ಸದ್ದಿಗೆ ಅವರು ಸೋತುಹೋದರು. 1915ರಲ್ಲಿ, 23ರ ವಯಸ್ಸಿನಲ್ಲಿ, ಒಂದು ನೋಟ್‌ಬುಕ್ ಹಿಡಿದು ಕ್ವೆನ್ಯಾ ಪದಕೋಶ ಬರೆಯತೊಡಗಿದರು. ಮರುವರ್ಷ ಫ್ರಾನ್ಸಿನ ಸೋಮ್ ಯುದ್ಧಭೂಮಿಯಲ್ಲಿದ್ದರು. ವೆಲ್ಷ್ ಭಾಷೆಯ ಸದ್ದನ್ನು ನೆನಪಿಸುವ ಇನ್ನೊಂದು ಎಲ್ಫ್ ನುಡಿಯೂ ಜೊತೆಜೊತೆಗೇ ಬೆಳೆಯಿತು. ಅದೇ ಮುಂದೆ ಸಿಂಡರಿನ್ ಆಯಿತು. ಭಾಷೆಗಳು ಮೊದಲು ಹುಟ್ಟಿದವು, ಅವನ್ನು ಮಾತಾಡುವ ಜನರಿಗಾಗಿ ಕತೆಗಳು ಆಮೇಲೆ ಬಂದವು ಅಂತ ಟೋಲ್ಕೀನ್ ತಾವೇ ಹೇಳಿಕೊಂಡಿದ್ದಾರೆ. 1931ರಲ್ಲಿ ಈ ಹವ್ಯಾಸದ ಬಗ್ಗೆ ಒಂದು ಉಪನ್ಯಾಸವನ್ನೂ ಕೊಟ್ಟರು.

ಆದರೆ 1960ರ ದಶಕದ ಓದುಗರ ಕೈಯಲ್ಲಿ ಇದ್ದದ್ದು ತೀರಾ ಕಡಿಮೆ. ಕಾದಂಬರಿಯೊಳಗಿನ ಕೆಲವು ಹಾಡು, ಉದ್ಗಾರಗಳು, ಊರಿನ ಹೆಸರುಗಳು, ಕೊನೆಯಲ್ಲಿ ಅಂಟಿಸಿದ ಅನುಬಂಧಗಳು. ಇಷ್ಟನ್ನೇ ಇಟ್ಟುಕೊಂಡು ವ್ಯಾಕರಣ ಬಿಡಿಸಬೇಕು. ಉಳಿದ ದಾರಿ ಒಂದೇ, ಲೇಖಕರಿಗೇ ಪತ್ರ ಬರೆದು ಕೇಳುವುದು. 1965ರಲ್ಲಿ ಅಮೆರಿಕದ ಟೋಲ್ಕೀನ್ ಸೊಸೈಟಿ ಶುರು ಮಾಡಿದ ಡಿಕ್ ಪ್ಲಾಟ್ಸ್ ಎಂಬ ಹುಡುಗನಿಗೆ ಹಾಗೆ ಒಂದು ನಿಧಿಯೇ ಸಿಕ್ಕಿತು. ಎರಡು ನಾಮಪದಗಳಿಗೆ ವಿಭಕ್ತಿ ಹಚ್ಚಿ ತೋರಿಸಿದ ಪಟ್ಟಿಯನ್ನು ಟೋಲ್ಕೀನ್ ಅವನಿಗೆ ಕಳಿಸಿದರು. ‘ಕಿರ್ಯ’ ಅಂದರೆ ಹಡಗು. ‘ಕಿರ್ಯಸ್ಸೆ’ ಹಡಗಿನಲ್ಲಿ, ‘ಕಿರ್ಯಲ್ಲೊ’ ಹಡಗಿನಿಂದ, ‘ಕಿರ್ಯನ್ನ’ ಹಡಗಿನತ್ತ. ನಮಗೆ ಇದರಲ್ಲಿ ಹೊಸದೇನಿಲ್ಲ, ಪದಕ್ಕೆ ಪ್ರತ್ಯಯ ಹಚ್ಚುವ ಕೆಲಸ ನಾವು ದಿನವಿಡೀ ಮಾಡುತ್ತೇವೆ. ಇಂಗ್ಲಿಷ್ ಮಾತ್ರ ಬಲ್ಲ ಆ ಹುಡುಗರಿಗೆ ಅದು ಬೇರೆಯೇ ಲೋಕದ ಬಾಗಿಲು. ಆ ಪಟ್ಟಿ ಅಭಿಮಾನಿಗಳ ಸಣ್ಣ ಪತ್ರಿಕೆಗಳ ಮೂಲಕ ಕೈಯಿಂದ ಕೈಗೆ ದಾಟಿತು. ಎಷ್ಟೋ ವರ್ಷ ಕ್ವೆನ್ಯಾ ಕಲಿಯುವವರಿಗೆಲ್ಲ ಅದೇ ಆಧಾರವಾಗಿತ್ತು.

1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಿಥೋಪೊಯಿಕ್ ಸೊಸೈಟಿ ಎಂಬ ಓದುಗರ ಸಂಘ ಹುಟ್ಟಿತು. ಅದರಲ್ಲಿ ಭಾಷೆಯ ಹುಚ್ಚು ಹಿಡಿದವರದೇ ಒಂದು ಗುಂಪು. 1971ರಲ್ಲಿ ಆ ಗುಂಪು ‘ಪಾರ್ಮಾ ಎಲ್ದಲಂಬೆರೊನ್’ ಆರಂಭಿಸಿತು. ‘ಎಲ್ಫ್ ನುಡಿಗಳ ಹೊತ್ತಗೆ’ ಎಂದು ಹೆಸರಿನ ಅರ್ಥ. ಆಗ ಟೋಲ್ಕೀನ್ ಇನ್ನೂ ಬದುಕಿದ್ದರು. 1973ರಲ್ಲಿ ಅವರು ತೀರಿಕೊಂಡಾಗ ಪತ್ರ ಬರೆದು ಕೇಳುವ ದಾರಿಯೂ ಮುಚ್ಚಿತು.

ಆಮೇಲಿನ ಹದಿನೈದು ವರ್ಷ ಇವರದು ಪುರಾತತ್ವದವರ ಕೆಲಸ. 1977ರಲ್ಲಿ ಮಗ ಕ್ರಿಸ್ಟೋಫರ್ ಟೋಲ್ಕೀನ್ ‘ದಿ ಸಿಲ್ಮರಿಲಿಯನ್’ ಹೊರತಂದರು. ಅದರ ಕೊನೆಯಲ್ಲಿ ಹೆಸರುಗಳ ಬೇರುಪದಗಳ ಪಟ್ಟಿ ಇತ್ತು. 1978ರಲ್ಲಿ ಜಿಮ್ ಆಲನ್ ಮತ್ತು ಜೊತೆಗಾರರು ಅದುವರೆಗಿನ ತಿಳಿವಳಿಕೆಯನ್ನೆಲ್ಲ ಒಂದು ಪುಸ್ತಕಕ್ಕೆ ತಂದರು. ದೊಡ್ಡ ತಿರುವು ಬಂದದ್ದು 1987ರಲ್ಲಿ. ಟೋಲ್ಕೀನ್ 1930ರ ದಶಕದ ಕೊನೆಯಲ್ಲಿ ಬರೆದಿಟ್ಟಿದ್ದ ವ್ಯುತ್ಪತ್ತಿ ಕೋಶವನ್ನು ಕ್ರಿಸ್ಟೋಫರ್ ಆ ವರ್ಷ ಪ್ರಕಟಿಸಿದರು. ನೂರಾರು ಧಾತುಗಳು, ಒಂದೊಂದರಿಂದ ಕವಲೊಡೆದ ಹಲವು ಭಾಷೆಗಳ ಪದಗಳು. ಅಲ್ಲಿಯವರೆಗೆ ಊಹೆಯ ಮೇಲೆ ನಡೆದ ಕೆಲಸಕ್ಕೆ ಅದರಿಂದ ನೆಲ ಸಿಕ್ಕಿತು.

ಮರುವರ್ಷ, 1988ರ ಸೆಪ್ಟೆಂಬರ್‌ನಲ್ಲಿ, ‘ವಿನ್ಯಾರ್ ತೆಂಗ್ವಾರ್’ ಹುಟ್ಟಿತು. ‘ಎಲ್ವಿಶ್ ಲಿಂಗ್ವಿಸ್ಟಿಕ್ ಫೆಲೋಶಿಪ್’ ಕಟ್ಟಿದ ಹೋರ್ಹೆ ಕಿನ್ಯೋನೆಸ್ ಅದರ ಮೊದಲ ಸಂಪಾದಕ. ಹೆಸರಿನಲ್ಲಿ ಒಂದು ಚಂದದ ಆಟವಿದೆ. ಇಂಗ್ಲಿಷಿನ ‘ಲೆಟರ್’ ಪದಕ್ಕೆ ಪತ್ರ, ಅಕ್ಷರ ಎರಡೂ ಅರ್ಥ. ವಾರ್ತಾಪತ್ರಕ್ಕೆ ಅವರು ‘ನ್ಯೂಸ್‌ಲೆಟರ್’ ಅನ್ನುತ್ತಾರಲ್ಲ, ಅದರ ‘ಲೆಟರ್’ ತೆಗೆದು ಅಕ್ಷರ ಎಂಬರ್ಥದ ‘ತೆಂಗ್ವಾರ್’ ಕೂರಿಸಿದ್ದಾರೆ.

ತೆಂಗ್ವಾರ್ ಅಂದರೆ ಟೋಲ್ಕೀನ್ ಮಾಡಿದ ಲಿಪಿಯ ಹೆಸರೂ ಹೌದು. ಕನ್ನಡದವರು ಅದನ್ನೊಮ್ಮೆ ನೋಡಲೇಬೇಕು. ನಮ್ಮ ವರ್ಗೀಯ ವ್ಯಂಜನಗಳ ಹಾಗೆ ಅದರ ಅಕ್ಷರಗಳನ್ನೂ ಸದ್ದು ಬಾಯಲ್ಲಿ ಎಲ್ಲಿ ಹುಟ್ಟುತ್ತದೆ, ಹೇಗೆ ಹುಟ್ಟುತ್ತದೆ ಎಂಬ ಲೆಕ್ಕದಲ್ಲಿ ಜೋಡಿಸಿದ್ದಾರೆ. ಹಲ್ಲಿನ ಸದ್ದುಗಳದು ಒಂದು ಸಾಲು, ತುಟಿಯದು ಇನ್ನೊಂದು, ಗಂಟಲ ಕಡೆಯದು ಮತ್ತೊಂದು. ‘ತ’ದ ಅಕ್ಷರಕ್ಕೆ ಒಂದು ಹೊಟ್ಟೆ ಇದ್ದರೆ ‘ದ’ದ ಅಕ್ಷರಕ್ಕೆ ಎರಡು. ‘ಪ’ ಮತ್ತು ‘ಬ’ಕ್ಕೂ ಅದೇ ನಿಯಮ. ಸ್ವರಗಳನ್ನು ಸಾಮಾನ್ಯವಾಗಿ ವ್ಯಂಜನದ ಮೇಲೆ ಚುಕ್ಕೆ, ಗೆರೆಗಳಾಗಿ ಹಾಕುತ್ತಾರೆ. ಗುಡಿಸು, ಕೊಂಬು ಹಾಕಿ ಕಲಿತ ಕೈಗೆ ಅದು ಬಹಳ ಬೇಗ ಒಲಿಯುತ್ತದೆ.

ಎಂಟನೇ ಸಂಚಿಕೆಯಿಂದ ಪತ್ರಿಕೆಯ ಹೊಣೆ ಕಾರ್ಲ್ ಹಾಸ್ಟೆಟರ್ ಅವರಿಗೆ ಬಂತು. ಅವರ ಹೊಟ್ಟೆಪಾಡಿನ ಕೆಲಸ ನಾಸಾ ಸಂಸ್ಥೆಯಲ್ಲಿ, ಕಂಪ್ಯೂಟರ್ ವಿಜ್ಞಾನಿಯಾಗಿ. ಪತ್ರಿಕೆ ಉಳಿದ ಸಮಯದ್ದು. ಆರಂಭದ ಸಂಚಿಕೆಗಳು ಒಂದು ಸಂಘದ ಮನೆಪತ್ರಿಕೆಯ ಹಾಗೆ ಇದ್ದವು. ಓದುಗರ ಪತ್ರಗಳು, ಒಬ್ಬರ ಊಹೆಗೆ ಇನ್ನೊಬ್ಬರ ಆಕ್ಷೇಪ, ಎಲ್ಫ್ ನುಡಿಯಲ್ಲಿ ಬರೆದ ಸ್ವಂತ ಪದ್ಯಗಳು. ಬೇರೆ ಬೇರೆ ಭಾಷೆಯ ಅನುವಾದಕರು ಟೋಲ್ಕೀನ್ ಇಟ್ಟ ಹೆಸರುಗಳನ್ನು ಹೇಗೆ ನಿಭಾಯಿಸಿದರು ಎಂದು ನೋಡುವ ಆರ್ಡನ್ ಸ್ಮಿತ್ ಅವರ ಅಂಕಣವೂ ಇತ್ತು. ಎರಡು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. 1994ರ ಜುಲೈ ಹೊತ್ತಿಗೆ 36 ಸಂಚಿಕೆ ಮುಗಿದಿದ್ದವು.

ಅಷ್ಟರಲ್ಲಿ ಎರಡೂ ಪತ್ರಿಕೆಗಳ ಹಣೆಬರಹವೇ ಬದಲಾಗಿತ್ತು. ತಂದೆಯ ಕತೆಗಳ ಹಸ್ತಪ್ರತಿಗಳನ್ನು ಹನ್ನೆರಡು ಸಂಪುಟಗಳಲ್ಲಿ ತರುವ ಕೆಲಸದಲ್ಲಿ ಕ್ರಿಸ್ಟೋಫರ್ ಮುಳುಗಿದ್ದರು. ಭಾಷೆಯ ಕಾಗದಗಳು ಬೇರೆಯೇ ರಾಶಿ. ಅದನ್ನು ಬಿಡಿಸಲು ಆ ಕಣ್ಣೇ ಬೇಕು. 1990ರ ದಶಕದ ಆರಂಭದಲ್ಲಿ ಅವರು ಆ ಕಾಗದಗಳ ಫೋಟೋಕಾಪಿಗಳನ್ನು ಈ ಅಭಿಮಾನಿಗಳಿಗೇ ಕಳಿಸತೊಡಗಿದರು. ‘ಪಾರ್ಮಾ’ದ ಸಂಪಾದಕ ಕ್ರಿಸ್ಟೋಫರ್ ಗಿಲ್ಸನ್, ಹಾಸ್ಟೆಟರ್, ಸ್ಮಿತ್, ಪ್ಯಾಟ್ರಿಕ್ ವಿನ್, ಬಿಲ್ ವೆಲ್ಡನ್, ಇಷ್ಟೇ ಜನ. ಯಾವ ವಿಶ್ವವಿದ್ಯಾಲಯದ ಯೋಜನೆಯೂ ಅಲ್ಲ, ಸಂಬಳವೂ ಇಲ್ಲ. ಇಡೀ ವಿಷಯದಲ್ಲಿ ನನ್ನನ್ನು ತುಂಬಾ ತಟ್ಟುವುದು ಈ ನಂಬಿಕೆ. ತಂದೆಯ ಜೀವಮಾನದ ಗುಟ್ಟಿನ ಕೆಲಸವನ್ನು ಮಗ ಒಪ್ಪಿಸಿದ್ದು ಅಂಚೆಯಲ್ಲಿ ಪತ್ರಿಕೆ ಹಂಚುತ್ತಿದ್ದ ಓದುಗರ ಕೈಗೆ.

1995ರಲ್ಲಿ ‘ಪಾರ್ಮಾ’ದ 11ನೇ ಸಂಚಿಕೆಯಾಗಿ ಸಿಂಡರಿನ್‌ನ ಪೂರ್ವರೂಪದ ಪದಕೋಶ ಬಂತು. 1998ರಲ್ಲಿ 12ನೇ ಸಂಚಿಕೆಯಾಗಿ 1915ರ ಆ ನೋಟ್‌ಬುಕ್ ಬಂತು. ಅಂದರೆ ಬರೆದು 83 ವರ್ಷಗಳ ಮೇಲೆ. ಅಲ್ಲಿಂದ ಮುಂದೆ ‘ಪಾರ್ಮಾ’ದ ಒಂದೊಂದು ಸಂಚಿಕೆಯೂ ಒಂದು ದಪ್ಪ ಪುಸ್ತಕ. 2007ರ 17ನೇ ಸಂಚಿಕೆಯಲ್ಲಂತೂ ಕಾದಂಬರಿಯಲ್ಲಿ ಬರುವ ಎಲ್ಫ್ ಪದಗಳಿಗೆ ಟೋಲ್ಕೀನ್ ತಾವೇ ಬರೆದಿಟ್ಟುಕೊಂಡ ಟಿಪ್ಪಣಿಗಳಿವೆ. ಮೂವತ್ತು ನಲವತ್ತು ವರ್ಷ ಅಭಿಮಾನಿಗಳು ಊಹಿಸುತ್ತಿದ್ದ ಎಷ್ಟೋ ಪದಗಳಿಗೆ ಅಲ್ಲಿ ಉತ್ತರ ಸಿಕ್ಕಿತು.

ಹಾಗಂತ ಕೆಲಸ ಸುಲಭವಿರಲಿಲ್ಲ. ಟೋಲ್ಕೀನ್ ಒಂದು ಪದ ಬರೆಯುವುದು, ಹೊಡೆದುಹಾಕುವುದು, ಅಂಚಿನಲ್ಲಿ ಹೊಸದು ಬರೆಯುವುದು, ಕೊನೆಗೆ ಮೊದಲಿನದಕ್ಕೇ ವಾಪಸ್ ಬರುವುದು ಮಾಮೂಲು. ಎಷ್ಟೋ ಸಲ ಪೆನ್ಸಿಲ್ ಬರಹದ ಮೇಲೆಯೇ ಶಾಯಿಯಲ್ಲಿ ಬರೆಯುತ್ತಿದ್ದರು. ಆ ಕೈಬರಹ ಮಗನಿಗೇ ಕಷ್ಟ ಕೊಟ್ಟಿದೆ. 1987ರಲ್ಲಿ ಅಚ್ಚಾದ ವ್ಯುತ್ಪತ್ತಿ ಕೋಶವನ್ನು ಮತ್ತೆ ಮೂಲದ ಜೊತೆ ಇಟ್ಟು ನೋಡಿದಾಗ ತಪ್ಪಾಗಿ ಓದಿದ್ದು, ಬಿಟ್ಟುಹೋದದ್ದು ಬೇಕಾದಷ್ಟು ಸಿಕ್ಕಿತು. ಆ ತಿದ್ದುಪಡಿಗಳಿಗೇ ‘ವಿನ್ಯಾರ್ ತೆಂಗ್ವಾರ್’ 2003 ಮತ್ತು 2004ರಲ್ಲಿ 45, 46ನೇ ಸಂಚಿಕೆಗಳನ್ನು ಮೀಸಲಿಟ್ಟಿತು. ನೀರಸ ಕೆಲಸ ಅನ್ನಿಸಬಹುದು. ಆದರೆ ಅಷ್ಟು ದಿನ ಜನ ಕಲಿತಿದ್ದ ಕೆಲವು ಪದಗಳು ಟೋಲ್ಕೀನ್ ಬರೆದವೇ ಅಲ್ಲ ಅಂತ ಗೊತ್ತಾಗಿದ್ದು ಇದರಿಂದ.

ಮನಸ್ಸಿಗೆ ಹತ್ತಿರವಾಗುವ ಸಂಚಿಕೆಗಳೂ ಇವೆ. 2005ರಲ್ಲಿ ಬಂದ 47 ಮತ್ತು 48ನೇ ಸಂಚಿಕೆಗಳಲ್ಲಿ ಕೈ, ಬೆರಳು, ಎಣಿಕೆಯ ಪದಗಳ ಬಗ್ಗೆ ಟೋಲ್ಕೀನ್ ತಮ್ಮ ಮುಪ್ಪಿನಲ್ಲಿ ಬರೆದ ಟಿಪ್ಪಣಿಗಳಿವೆ. ಎಲ್ಫ್ ಮಕ್ಕಳು ಆಟಕ್ಕೆ ಬೆರಳುಗಳಿಗೆ ಮನೆಮಂದಿಯ ಹೆಸರಿಡುತ್ತಾರಂತೆ. ಹೆಬ್ಬೆರಳು ಅಪ್ಪ, ತೋರುಬೆರಳು ಅಮ್ಮ, ಕಿರುಬೆರಳು ಮಗು.

2002ರ 43ನೇ ಸಂಚಿಕೆಯದು ಇನ್ನೊಂದು ಬಗೆ. ಟೋಲ್ಕೀನ್ ಕ್ಯಾಥೊಲಿಕ್ ನಂಬಿಕೆಯವರು. 1950ರ ದಶಕದಲ್ಲಿ ಅವರು ತಮ್ಮ ಪ್ರಾರ್ಥನೆಗಳನ್ನು ಕ್ವೆನ್ಯಾಕ್ಕೆ ತಂದಿದ್ದರು. ಯೇಸು ಕಲಿಸಿದ ಪ್ರಾರ್ಥನೆಯನ್ನು ಮತ್ತೆ ಮತ್ತೆ ತಿದ್ದಿ ಬರೆದ ಹಲವು ಪ್ರತಿಗಳಿವೆ. ಅದರ ಮೊದಲ ಪದ ‘ಆತಾರೆಮ್ಮ’, ನಮ್ಮ ತಂದೆ. ಇಲ್ಲಿನ ‘ಮ್ಮ’ ಆಗಿನ ವ್ಯಾಕರಣದಲ್ಲಿ ಕೇಳುವವನನ್ನು ಹೊರಗಿಡುವ ‘ನಮ್ಮ’. ಕೇಳುತ್ತಿರುವವನೇ ತಂದೆ, ಅವನು ‘ನಮ್ಮ’ದರೊಳಗೆ ಬರುವ ಹಾಗಿಲ್ಲ. ತೆಲುಗು ಕ್ರೈಸ್ತರು ಇದೇ ಪ್ರಾರ್ಥನೆಯಲ್ಲಿ ‘ಮಾ ತಂಡ್ರಿ’ ಅನ್ನುತ್ತಾರೆ, ‘ಮನ ತಂಡ್ರಿ’ ಅನ್ನುವುದಿಲ್ಲ. ಯಾರೂ ಮಾತಾಡದ ಭಾಷೆಯಲ್ಲಿ, ಯಾರಿಗೂ ತೋರಿಸದ ಹಾಳೆಯಲ್ಲಿ ಇಷ್ಟು ಎಚ್ಚರ. ಆ ಹಾಳೆಯನ್ನು ಓದುವಾಗ ನನಗೆ ಕ್ವೆನ್ಯಾ ಒಂದು ಆಟಿಕೆ ಅಂತ ಅನ್ನಿಸಲೇ ಇಲ್ಲ.

ಅದೇ ಹೊತ್ತಿಗೆ, 2001ರ ಕೊನೆಯಲ್ಲಿ, ಕಾದಂಬರಿಯ ಮೇಲೆ ತೆಗೆದ ಸಿನಿಮಾ ಸರಣಿ ತೆರೆಗೆ ಬಂತು. ತೆರೆಯ ಮೇಲೆ ಪಾತ್ರಗಳು ಎಲ್ಫ್ ನುಡಿಯಲ್ಲಿ ಮಾತಾಡಿದವು. ಸಿಕ್ಕಿದ ಚೂರುಗಳಿಂದ ಹೊಸದಾಗಿ ಕಟ್ಟಿದ ಸಂಭಾಷಣೆಗಳು ಅವು. ಕಲಿಯುವವರು ಜಾಸ್ತಿಯಾದರು, ಅವರಿಗೆ ಪದಗಳು ಬೇಕಿದ್ದವು, ಬೇಗ ಬೇಕಿದ್ದವು. ಪತ್ರಿಕೆ ಮಾತ್ರ ನಿಧಾನವಾಗುತ್ತಾ ಬಂದಿತ್ತು. ಮೊದಲ ಆರು ವರ್ಷದಲ್ಲಿ 36 ಸಂಚಿಕೆ ತಂದ ‘ವಿನ್ಯಾರ್ ತೆಂಗ್ವಾರ್’ ಮುಂದಿನ 19 ವರ್ಷದಲ್ಲಿ ತಂದದ್ದು 14. ಕಾಗದಗಳೆಲ್ಲ ನಾಲ್ಕೈದು ಜನರ ಹತ್ತಿರ ಇವೆ, ಪ್ರಕಟಣೆಗೆ ಟೋಲ್ಕೀನ್ ಬರಹಗಳ ಹಕ್ಕು ನೋಡಿಕೊಳ್ಳುವ ‘ಟೋಲ್ಕೀನ್ ಎಸ್ಟೇಟ್’ ಸಂಸ್ಥೆಯ ಒಪ್ಪಿಗೆ ಬೇಕು, ಉಳಿದವರು ಎಷ್ಟು ದಿನ ಕಾಯಬೇಕು ಎಂಬ ಸಿಟ್ಟು ಹೊಗೆಯಾಡಿತು. ಇನ್ನೊಂದು ಕಡೆ ಹಾಸ್ಟೆಟರ್ ಅವರ ವಾದ: ಟೋಲ್ಕೀನ್ ಈ ಭಾಷೆಗಳನ್ನು ಮಾತಾಡಲಿಕ್ಕೆಂದು ಮುಗಿಸಿ ಕೊಟ್ಟಿಲ್ಲ, ಅವು ಜೀವನವಿಡೀ ಬದಲಾಗುತ್ತಲೇ ಇದ್ದವು. 1915ರ ಪದವನ್ನೂ 1965ರ ವ್ಯಾಕರಣವನ್ನೂ ಬೆರೆಸಿ ಇದೇ ಕ್ವೆನ್ಯಾ ಅಂದರೆ ಅದು ಅವರ ಭಾಷೆಯಾಗುವುದಿಲ್ಲ.

‘ಸ್ಟಾರ್ ಟ್ರೆಕ್’ ಸಿನಿಮಾಗಳಿಗಾಗಿ ಕಟ್ಟಿದ ಕ್ಲಿಂಗಾನ್ ಭಾಷೆಯವರಿಗೆ ಈ ಜಗಳ ಬರಲಿಲ್ಲ. 1992ರಲ್ಲಿ ಶುರುವಾದ ಅವರ ‘ಹೋಲ್ಕೆಡ್’ ಪತ್ರಿಕೆಗೆ ಭಾಷೆ ಕಟ್ಟಿದ ಮಾರ್ಕ್ ಓಕ್ರಾಂಡ್ ಅವರೇ ಹೊಸ ಪದಗಳನ್ನು ಕೊಡುತ್ತಿದ್ದರು. ಪದ ಬೇಕಾದರೆ ಕೇಳಿದರಾಯಿತು. ಕ್ವೆನ್ಯಾದವರಿಗೆ ಆ ಅನುಕೂಲ 1973ಕ್ಕೇ ಮುಗಿದಿತ್ತು.

ಮಾತಾಡಬೇಕು ಅನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಮದುವೆಯ ಉಂಗುರದ ಮೇಲೆ ಒಂದು ಸಾಲು ಬರೆಸಬೇಕು ಅನ್ನುವವರಿಗೆ ‘ಆ ರೂಪವನ್ನು ಲೇಖಕರು ಆಮೇಲೆ ಹೊಡೆದುಹಾಕಿದ್ದಾರೆ’ ಅಂತ ಹೇಳಿ ಏನು ಉಪಯೋಗ? ಆದರೂ ನಾನು ನಿಧಾನದವರ ಪರ. ಹೊಡೆದುಹಾಕಿದ ಪದವನ್ನೂ ಹೊಡೆದುಹಾಕಿದ್ದು ಅಂತ ಹೇಳಿ ಅಚ್ಚು ಹಾಕಿದ್ದರಿಂದಲೇ ಒಬ್ಬ ಮನುಷ್ಯ ಅರವತ್ತು ವರ್ಷ ಕೂತು ಏನು ಮಾಡಿದ ಅಂತ ಇವತ್ತು ನೋಡಬಹುದು. ಮಾತಾಡುವವರೂ ಕೊನೆಗೆ ಪುರಾವೆಗೆ ತೆರೆಯುವುದು ಇದೇ ಸಂಚಿಕೆಗಳನ್ನು.

2013ರ ಮಾರ್ಚ್‌ನಲ್ಲಿ ‘ವಿನ್ಯಾರ್ ತೆಂಗ್ವಾರ್’ 50ನೇ ಸಂಚಿಕೆಗೆ ಮುಟ್ಟಿತು. 2020ರ ಜನವರಿಯಲ್ಲಿ ಕ್ರಿಸ್ಟೋಫರ್ ಟೋಲ್ಕೀನ್ ತೀರಿಕೊಂಡರು. ‘ಪಾರ್ಮಾ’ 2015ರಲ್ಲಿ 22ನೇ ಸಂಚಿಕೆ ತಂದು ಹಲವು ವರ್ಷ ಸುಮ್ಮನಿತ್ತು. ಆಮೇಲೆ 23ನೆಯದು ಬಂತು. ಅದರಲ್ಲಿ ಇರುವುದು ಎಲ್ಫ್ ನುಡಿಗಳ ಸರ್ವನಾಮಗಳು: ನಾನು, ನೀನು, ಮತ್ತೆ ಆ ಎರಡು ಬಗೆಯ ನಾವು.