ಹಳೆಯ ಸ್ಪೋರ್ಟ್ಸ್ ಕಾರಿನ ಚಳಿಗಾಲ

ಹಿಮ ಬೀಳುವ ನಾಡುಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡವರು ಚಳಿಗಾಲ ಸಮೀಪಿಸುತ್ತಿದ್ದಂತೆ ಎರಡು ಪಂಗಡಗಳಾಗುತ್ತಾರೆ. ಒಂದು ಪಂಗಡದವರು ಕಾರನ್ನು ಗ್ಯಾರೇಜಿಗೆ ಸೇರಿಸಿ ವಸಂತದವರೆಗೆ ಅದರ ಗೊಡವೆಗೇ ಹೋಗುವುದಿಲ್ಲ. ಇನ್ನೊಂದು ಪಂಗಡದವರು, ಓಡುತ್ತಿರುವ ಯಂತ್ರವೇ ಚೆನ್ನಾಗಿರುತ್ತದೆ, ನಿಂತದ್ದು ಕೆಡುತ್ತದೆ ಎಂದು ವಾದಿಸುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ದೂರುವುದು ಚಳಿಯನ್ನು. ಲೋಹಕ್ಕೆ ಚಳಿಯಿಂದ ಅಂಥ ತೊಂದರೆಯೇನಿಲ್ಲ. ತೊಂದರೆಯೆಲ್ಲ ಇರುವುದು ಚಳಿಯ ದೆಸೆಯಿಂದ, ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪಿನಲ್ಲಿ.

ನೀರಿಗೆ ಉಪ್ಪು ಬೆರೆತರೆ ಅದು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ. ತೂಕದಲ್ಲಿ ಸುಮಾರು ಶೇಕಡ 23ರಷ್ಟು ಸೋಡಿಯಂ ಕ್ಲೋರೈಡ್, ಅಂದರೆ ಸಾಮಾನ್ಯ ಉಪ್ಪು, ಇರುವ ದ್ರಾವಣ −21 ಡಿಗ್ರಿ ಸೆಲ್ಸಿಯಸ್‌ವರೆಗೂ ದ್ರವವಾಗಿಯೇ ಇರುತ್ತದೆ. ರಸ್ತೆಯ ಮೇಲೆ ಮಾತ್ರ ಈ ಉಪ್ಪು −10 ಡಿಗ್ರಿಯ ಆಸುಪಾಸಿಗೇ ಮಂದವಾಗುವುದರಿಂದ, ಚಳಿ ಹೆಚ್ಚಿರುವ ಕಡೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡನ್ನು ಬಳಸುತ್ತಾರೆ. ಕಾರಿನ ಮಟ್ಟಿಗೆ ಇವು ಇನ್ನೂ ಕೆಟ್ಟವು. ಸೋಡಿಯಂ ಕ್ಲೋರೈಡ್ ಗಾಳಿಯಿಂದ ನೀರು ಹೀರಿ ಕರಗಬೇಕಾದರೆ ಗಾಳಿಯ ಆರ್ದ್ರತೆ ಶೇಕಡ 75ರಷ್ಟಾದರೂ ಇರಬೇಕು. ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡ 33 ಸಾಕು. ಮೇಲ್ನೋಟಕ್ಕೆ ಒಣಗಿ ನಿಂತಿರುವ ಕಾರಿನ ತಳಭಾಗ ಒಳಗೊಳಗೇ ಒದ್ದೆಯಾಗಿರುತ್ತದೆ ಎಂದರ್ಥ.

ಆ ಒದ್ದೆಯಲ್ಲಿ ನಡೆಯುವುದೇನು ಎಂಬುದನ್ನು ಒಂದೇ ಒಂದು ಹನಿಯಲ್ಲಿ ನೋಡಬಹುದು. ಕೇಂಬ್ರಿಜ್‌ನ ಯು. ಆರ್. ಇವಾನ್ಸ್ 20ನೆಯ ಶತಮಾನದ ಮೊದಲರ್ಧದಲ್ಲಿ ತೋರಿಸಿಕೊಟ್ಟ ಪ್ರಯೋಗವಿದು: ಉಜ್ಜಿ ಸ್ವಚ್ಛಗೊಳಿಸಿದ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿಯನ್ನು ಇಟ್ಟರೆ, ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ದೊರೆಯುತ್ತದೆ, ನಡುವಿಗೆ ದೊರೆಯುವುದಿಲ್ಲ. ಇಷ್ಟು ವ್ಯತ್ಯಾಸವೇ ಆ ಹನಿಯನ್ನು ಪುಟ್ಟದೊಂದು ಬ್ಯಾಟರಿಯಾಗಿಸುತ್ತದೆ. ನಡುವಿನಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗಿಳಿಯುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚಿನಲ್ಲಿರುವ ಆಮ್ಲಜನಕವನ್ನು ಸೇರುತ್ತವೆ. ಎರಡರ ನಡುವೆ ಉಂಗುರದಾಕಾರದಲ್ಲಿ ತುಕ್ಕು ಕಟ್ಟುತ್ತದೆ. ಉಪ್ಪಿನ ಪಾತ್ರ ಎರಡು ಬಗೆಯದು: ನೀರನ್ನು ಒಳ್ಳೆಯ ವಾಹಕವನ್ನಾಗಿ ಮಾಡುವುದು, ಮತ್ತು ಲೋಹದ ಮೇಲೆ ತಾನಾಗಿ ಕಟ್ಟಿಕೊಳ್ಳುವ ರಕ್ಷಕ ಪದರವನ್ನು ಕ್ಲೋರೈಡ್ ಅಯಾನುಗಳ ಮೂಲಕ ಒಡೆಯುತ್ತಲೇ ಇರುವುದು. ಗಮನಿಸಬೇಕಾದ ಸಂಗತಿಯೆಂದರೆ, ಲೋಹ ಸವೆಯುವ ಜಾಗವೇ ಬೇರೆ, ತುಕ್ಕು ಕಾಣುವ ಜಾಗವೇ ಬೇರೆ.

ಹಳೆಯ ಕಾರುಗಳಲ್ಲಿ ಇಂಥ ಹನಿಗಳಿಗೆ ಅಡಗುತಾಣಗಳು ಹೇರಳ. 1962ರಲ್ಲಿ ಬಂದ ಎಂಜಿಬಿಯಂಥ ಕಾರಿಗೆ ಪ್ರತ್ಯೇಕ ಚಾಸಿ, ಅಂದರೆ ಮೈಯನ್ನು ಹೊರುವ ಬೇರೆಯ ಚೌಕಟ್ಟು, ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಟೊಳ್ಳು ಪೆಟ್ಟಿಗೆಯಂಥ ಭಾಗಗಳೇ ಇಡೀ ಕಾರಿನ ಬೆನ್ನೆಲುಬು. ಅವುಗಳ ತಳದಲ್ಲಿ ನೀರಿಳಿಯಲೆಂದು ಬಿಟ್ಟ ಕಿರುರಂಧ್ರಗಳು ಕೆಸರಿನಿಂದ ಮುಚ್ಚಿದರೆ ಉಪ್ಪುನೀರು ಅಲ್ಲೇ ನಿಲ್ಲುತ್ತದೆ. ಹೊರಗಿನ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ; ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದಾಗ ಗಟ್ಟಿ ಸದ್ದಿನ ಬದಲು ಬೊದ್ದು ಸದ್ದು ಬಂದರೆ, ಗೆದ್ದಲು ತಿಂದ ತೊಲೆಯ ಸ್ಥಿತಿಯೇ ಒಳಗೂ ಇದೆ ಎಂದು ತಿಳಿಯಬೇಕು. ಫೈಬರ್‌ಗ್ಲಾಸ್ ಮೈಯ ಲೋಟಸ್ ಎಲಾನ್ ಒಡೆಯರೂ ನಿಶ್ಚಿಂತರಾಗಿರುವಂತಿಲ್ಲ, ಏಕೆಂದರೆ ಅದರ ಒಳಗಿನ ಚಾಸಿ ಉಕ್ಕಿನದು. ಪೋರ್ಷೆ ತನ್ನ 911ರ ಮೈಗೆ 1976ರ ಮಾದರಿಯಿಂದ ತುಕ್ಕು ತಡೆಯುವ ಸತುವಿನ ಲೇಪನ ಕೊಡತೊಡಗಿತು. ಅದಕ್ಕಿಂತ ಹಳೆಯ ಬಹುತೇಕ ಕಾರುಗಳಿಗೆ ಆ ಭಾಗ್ಯವಿರಲಿಲ್ಲ.

ಹಾಗೆಂದು ಉಪ್ಪು ಮೆತ್ತಿದ ಕಾರನ್ನು ತಂದು ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸುವುದು ಬಾಣಲೆಯಿಂದ ಬೆಂಕಿಗೆ ಹಾಕಿದಂತೆ. ರಾಸಾಯನಿಕ ಕ್ರಿಯೆಗಳ ವೇಗ ಉಷ್ಣತೆ 10 ಡಿಗ್ರಿ ಏರಿದಾಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಹೊರಗೆ ಮೈನಸ್ ಚಳಿಯಲ್ಲಿ ಮಂದವಾಗಿದ್ದ ತುಕ್ಕು ಒಳಗಿನ ಬೆಚ್ಚಗಿನ ತೇವದಲ್ಲಿ ಚುರುಕಾಗುತ್ತದೆ. ನಿಲ್ಲಿಸುವ ಮುನ್ನ ತಳಭಾಗವನ್ನು, ಚಕ್ರದ ಕಮಾನುಗಳ ಒಳಗನ್ನು ಸಿಹಿನೀರಿನಿಂದ ತೊಳೆದು ಪೂರ್ತಿ ಒಣಗಿಸುವುದು ಬೇಸರದ ಕೆಲಸವೇ ಸರಿ, ಆದರೆ ಇದಕ್ಕೆ ಬದಲಿಯಿಲ್ಲ. ಆಮೇಲೆ ಬೇಕಿರುವುದು ಶಾಖಕ್ಕಿಂತ ಹೆಚ್ಚಾಗಿ ಒಣಗಾಳಿ: ಆರ್ದ್ರತೆ ಸುಮಾರು ಶೇಕಡ 60ಕ್ಕಿಂತ ಕೆಳಗಿದ್ದರೆ ಸ್ವಚ್ಛವಾದ ಕಬ್ಬಿಣ ಬಹಳ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ದೀರ್ಘ ಚಳಿಯ ನಂತರ ಥಟ್ಟನೆ ಬೆಚ್ಚನೆಯ ತೇವದ ಗಾಳಿ ಬೀಸಿದಾಗ, ಇನ್ನೂ ತಣ್ಣಗಿರುವ ಎಂಜಿನ್ನಿನ ಮೇಲೆ ಹುಲ್ಲಿನ ಮೇಲೆ ಕೂರುವಂತೆಯೇ ಇಬ್ಬನಿ ಕೂರುತ್ತದೆ; ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಆ ತೇವವನ್ನು ಹೋಗಗೊಡುವುದಿಲ್ಲ, ನೇಯ್ದ ಬಟ್ಟೆಯ ಹೊದಿಕೆ ಹೋಗಗೊಡುತ್ತದೆ.

ಉಳಿದ ಸಿದ್ಧತೆಗಳು ಸರಳ. ಪೂರ್ತಿ ಚಾರ್ಜಾದ ಸೀಸ-ಆಮ್ಲ ಬ್ಯಾಟರಿ −50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಬರಿದಾದದ್ದು −10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯಬಹುದು. ಹಾಗಾಗಿ ಅದಕ್ಕೆ ಸಣ್ಣ ಚಾರ್ಜರನ್ನು ಜೋಡಿಸಿಡಬೇಕು. ನೀರು ಮಂಜುಗಡ್ಡೆಯಾಗುವಾಗ ಶೇಕಡ 9ರಷ್ಟು ಹಿಗ್ಗುವುದರಿಂದ ರೇಡಿಯೇಟರಿನಲ್ಲಿ ನೀರು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಸಾಕಷ್ಟಿರಬೇಕು. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ವಸಂತದಲ್ಲಿ ಚಕ್ರ ಬಿಡಿಸಲು ಹೆಣಗಬೇಕಾದೀತು.

ನಿಲ್ಲಿಸಿದ ಕಾರನ್ನು ವಾರಕ್ಕೊಮ್ಮೆ ಚಾಲೂ ಮಾಡಿ ಹತ್ತು ನಿಮಿಷ ಬಿಡಬೇಕೆಂಬ ಸಲಹೆ ಬಹಳ ಪ್ರಚಾರದಲ್ಲಿದೆ. ನನ್ನ ಎಣಿಕೆಯಲ್ಲಿ ಚಳಿಗಾಲದ ಸಲಹೆಗಳ ಪೈಕಿ ಅತ್ಯಂತ ಹಾನಿಕರವಾದದ್ದು ಇದೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಕಾದಿದ್ದರೆ ಅದು ಆವಿಯಾಗಿ ಹೊರಹೋಗುತ್ತದೆ. ಕಾಯದಿದ್ದರೆ ಸೈಲೆನ್ಸರಿನಲ್ಲಿ, ಎಂಜಿನ್ ಆಯಿಲಿನಲ್ಲಿ ತಂಗುತ್ತದೆ. ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು ತಿರುಗಿಸಿ ನೋಡಿದರೆ ಒಳಬದಿಗೆ ಅಂಟಿರುವ ಕೆನೆಬಣ್ಣದ ಜಿಡ್ಡು ಇದರದೇ ಸಾಕ್ಷಿ. ಇದರ ಜೊತೆಗೆ ಚೋಕ್ ಎಳೆದಿರುವಾಗ ಕಾರ್ಬ್ಯುರೇಟರ್ ಕೊಡುವ ಹೆಚ್ಚುವರಿ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ.

ಓಡಿಸುವುದಾದರೆ ನಿಜವಾಗಿಯೇ ಓಡಿಸಬೇಕು. ಎಂಜಿನ್ ನೀರಿನ ಉಷ್ಣತೆ ತೋರಿಸುವ ಮುಳ್ಳು ಮೇಲೇರಿದ ಎಷ್ಟೋ ಹೊತ್ತಿನ ನಂತರವೇ ಆಯಿಲ್ ಕಾಯುವುದರಿಂದ, ಅರ್ಧ ಗಂಟೆಗೆ ಕಡಿಮೆಯ ಸುತ್ತಾಟದಿಂದ ಪ್ರಯೋಜನ ಕಡಿಮೆ. ಬೇಸಿಗೆಯ ಟೈರುಗಳ ರಬ್ಬರ್ 7 ಡಿಗ್ರಿಯಿಂದ ಕೆಳಗೆ ಬಿಗಿಯಾಗುವುದರಿಂದ ವೇಗವೂ ಹಿತಮಿತದಲ್ಲಿರಬೇಕು. ಉಪ್ಪು ಹಾಕುವ ಮೊದಲಿನ ಒಣ ರಸ್ತೆ, ತಿಳಿಬಿಸಿಲಿನ ದಿನ ಸಿಕ್ಕರೆ ನಾನು ಖಂಡಿತ ಕಾರನ್ನು ಹೊರತೆಗೆಯುವವರ ಪರ, ಏಕೆಂದರೆ ಬ್ರೇಕಿನ ಪಿಸ್ಟನ್‌ಗಳು, ಸೀಲುಗಳು ಚಲನೆಯಿಲ್ಲದೆ ಬಿಗಿದುಕೊಳ್ಳುತ್ತವೆ ಎಂಬ ಅವರ ಮಾತು ಸುಳ್ಳಲ್ಲ. ಮೊದಲ ಬಾರಿ ಉಪ್ಪಿನ ಲಾರಿ ಓಡಾಡಿದ ದಿನದಿಂದ ಮಾತ್ರ ನಾನು ಬೀಗ ಹಾಕುವವರ ಪರ. ಬೀಗ ತೆಗೆಯುವ ದಿನವನ್ನು ಹಿಮ ಕರಗಿದ್ದನ್ನು ನೋಡಿ ಗೊತ್ತುಮಾಡಬಾರದು. ರಸ್ತೆ ಒಣಗಿದ ಮೇಲೂ ಅಂಚಿನಲ್ಲಿ ಬಿಳಿಯ ಪುಡಿ ಉಳಿದಿರುತ್ತದೆ, ಅದನ್ನು ಕೊಚ್ಚಿಕೊಂಡು ಹೋಗಲು ಎರಡು ಮೂರು ಜೋರು ಮಳೆಗಳಾದರೂ ಬೀಳಬೇಕು.