ಮಿಲ್ಲಿಂಗ್ ಮಷಿನ್: ಹೆಡ್ ಬೋಲ್ಟ್ ಸಡಿಲಿಸುವ ಮುಂಚೆ

ಕಲಬುರಗಿಯ ಕಪನೂರು ಕಡೆ ಯಾವುದೋ ಶೆಡ್‌ನಲ್ಲಿ ಅಪ್ರೆಂಟಿಸ್ ಇದ್ದೀರಿ, ದಾಲ್ ಮಿಲ್ಲಿಗೆ ಬೇರಿಂಗ್ ಬ್ಲಾಕ್ ಫೇಸ್ ಮಾಡಿದ್ದೀರಿ (ಮುಖ ಸಪಾಟು ಮಾಡಿದ್ದೀರಿ) ಅನ್ನಿ. ಸ್ಕ್ವೇರ್ (ಮೂಲೆಮಟ್ಟ) ಇಟ್ಟರೆ ಸಂದಿಯಲ್ಲಿ ಬೆಳಕು ಕಾಣುತ್ತದೆ. ತಕ್ಷಣ ಸ್ಪ್ಯಾನರ್ ಹಿಡಿದು ಹೆಡ್ (ಕಟರ್ ತಿರುಗಿಸುವ ಮೇಲಿನ ಭಾಗ) ಸಡಿಲಿಸಬೇಡಿ. ತಪ್ಪು ವೈಸ್‌ನಲ್ಲಿದ್ದರೆ (ಜಾಬ್ ಹಿಡಿಯುವ ಇಕ್ಕಳ), ಸರಿ ಇದ್ದ ಹೆಡ್ ಕೂಡ ಕೆಡುತ್ತದೆ.

ಮೊದಲು ಜಾಬ್ (ಕಟ್ ಮಾಡಿದ ತುಂಡು) ಮೇಲಿನ ಗೆರೆ ನೋಡಿ. ಫೇಸ್ ಕಟರ್‌ನ ಗೆರೆಗಳು ಒಂದನ್ನೊಂದು ದಾಟಿದ್ದರೆ ಹೆಡ್ ಹೆಚ್ಚೂಕಡಿಮೆ ನೇರ ಇದೆ. ಒಂದೇ ಕಡೆ ಬಾಗಿದ ಗೆರೆ ಮಾತ್ರ ಇದ್ದರೆ ಹೆಡ್ ಫೀಡ್ (ಟೇಬಲ್ ಓಡುವ) ದಿಕ್ಕಿನಲ್ಲಿ ವಾಲಿದೆ, ಜಾಬ್ ನಡುವೆ ತಗ್ಗಾಗುತ್ತದೆ. ಪಕ್ಕಪಕ್ಕದ ಪಾಸ್‌ಗಳ ನಡುವೆ ಮೆಟ್ಟಿಲು ಬಂದರೆ ಅಡ್ಡಕ್ಕೆ ವಾಲಿದೆ. 200 ಮಿ.ಮೀ.ಗೆ 0.2 ಮಿ.ಮೀ. ವಾಲಿದ್ದರೆ, 100 ಮಿ.ಮೀ. ಕಟರ್ ಪೂರ್ತಿ ಅಗಲ ಕಟ್ ಮಾಡಿದಾಗ ನಡುವೆ ಸುಮಾರು 0.05 ತಗ್ಗು. ಅಡ್ಡಕ್ಕಾದರೆ ಮೆಟ್ಟಿಲು 0.1ರ ತನಕ ಹೋಗುತ್ತದೆ.

ಟೇಬಲ್ ತುದಿಗೆ ಡಯಲ್ (ಸಣ್ಣ ಏರಿಳಿತ ತೋರಿಸುವ ಮುಳ್ಳಿನ ಗೇಜ್) ಹಚ್ಚಿ, ಕೈಯಿಂದ ಮೇಲಕ್ಕೆ ಎತ್ತಿ ಬಿಡಿ. ಮುಳ್ಳು ಜಾಸ್ತಿ ಆಡಿದರೆ ಗಿಬ್ (ಸ್ಲೈಡ್‌ನ ಸಂದಿ ಬಿಗಿ ಮಾಡುವ ಪಟ್ಟಿ) ಸಡಿಲ ಇದೆ. ಅದನ್ನು ಬಿಗಿ ಮಾಡದೆ ಮುಂದಿನ ಯಾವ ರೀಡಿಂಗನ್ನೂ ನಂಬಬೇಡಿ. ಕಟ್ ಮಾಡುವಾಗ ‘ನೀ’ (knee, ಟೇಬಲನ್ನು ಹೊತ್ತು ಮೇಲೆ ಕೆಳಗೆ ಸರಿಯುವ ಭಾಗ) ಲಾಕ್ ಮಾಡುತ್ತೀರಿ ಅಲ್ವಾ, ಚೆಕ್ ಮಾಡುವಾಗಲೂ ಲಾಕ್ ಮಾಡಿ.

ಈಗ ಡಯಲನ್ನು ಸ್ಪಿಂಡಲ್‌ಗೆ (ಕಟರ್ ಕೂರುವ, ತಿರುಗುವ ಶಾಫ್ಟ್) ಕಟ್ಟಿ. ಸ್ಪಿಂಡಲ್ ತಿರುಗಿಸದೆ ಟೇಬಲ್ ಮಾತ್ರ ಎಡಬಲ ಓಡಿಸಿ. ಇಲ್ಲಿ ಮುಳ್ಳು ಸರಿದರೆ ಅದು ಹೆಡ್‌ನ ತಪ್ಪಲ್ಲ: ಟೇಬಲ್ ಮೇಲೆ ಬರ್ (ಎದ್ದ ಲೋಹದ ಮುಳ್ಳು) ಇದೆ, ಇಲ್ಲವೇ ಸ್ಲೈಡ್ ಸವೆದಿದೆ. ಮುಳ್ಳು ನಿಂತಲ್ಲೇ ನಿಂತರೆ, ಮೇನ್ ಸ್ವಿಚ್ ಆಫ್ ಮಾಡಿ ಸ್ಪಿಂಡಲನ್ನು ಕೈಯಿಂದ ಸುತ್ತು ತಿರುಗಿಸಿ. ಟೇಬಲ್‌ನ ಟೀ-ಸ್ಲಾಟ್ ಸೀಳುಗಳಲ್ಲಿ ಡಯಲ್ ಬೀಳುತ್ತದೆ. ಅದಕ್ಕೆ ಹಳೆಯ ದೊಡ್ಡ ಬೇರಿಂಗಿನ ಹೊರ ರಿಂಗ್ ಒರೆಸಿ ಟೇಬಲ್ ಮೇಲಿಟ್ಟು, ಅದರ ಮೇಲೆ ಓಡಿಸಿ. ರಿಂಗಿನ ಎರಡೂ ಮುಖ ಗ್ರೈಂಡ್ ಆಗಿರುತ್ತವೆ. ದುಡ್ಡು ಕೊಟ್ಟು ತರುವ ಸಾಧನಕ್ಕಿಂತ ನನಗೆ ಇದೇ ಇಷ್ಟ.

ಎಡಕ್ಕೂ ಬಲಕ್ಕೂ 0.10 ವ್ಯತ್ಯಾಸ ಬಂತು ಅನ್ನಿ. ಬೋಲ್ಟ್ ಪೂರ್ತಿ ಬಿಚ್ಚಬೇಡಿ, ಹೆಡ್ ಬಿಗಿಯಾಗಿಯೇ ಸರಿಯಬೇಕು. ಮುಳ್ಳು 0.05 ಮಾತ್ರ ಸರಿಯುವಷ್ಟು ತಿರುಗಿಸಿ, ಏಕೆಂದರೆ ಒಂದು ಕಡೆ ಇಳಿದಷ್ಟೇ ಇನ್ನೊಂದು ಕಡೆ ಏರುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಮತ್ತೆ ಸುತ್ತಿಸಿ. ಬಿಗಿ ಮಾಡುವಾಗಲೇ ಹೆಡ್ ಸ್ವಲ್ಪ ಸರಿಯುತ್ತದೆ. ಸಾಮಾನ್ಯ ಕೆಲಸಕ್ಕೆ 200 ಮಿ.ಮೀ.ಗೆ 0.02 ಸಾಕು. ಹೆಡ್ ಮುಂದೆ-ಹಿಂದೆ ವಾಲುವ ಮಷಿನ್ ಆದರೆ ಆ ದಿಕ್ಕಿಗೂ ಹೀಗೇ.

ನನ್ನ ಅನುಮಾನ ಮಾತ್ರ ಮೊದಲು ವೈಸ್ ತಳದ ಮೇಲೇ. ಬಾಗಿಲು ತೆರೆದ ಶೆಡ್‌ಗಳಲ್ಲಿ ಧೂಳು ಎಲ್ಲಿ ಹೋಗುತ್ತದೆ? ವೈಸ್ ಎತ್ತಿ, ಎರಡೂ ಮುಖ ಒರೆಸಿ, ಅಂಗೈ ಸವರಿ ಬರ್ ಹುಡುಕಿ. ಆಮೇಲೆ ಒಂದು ಬೋಲ್ಟ್ ಬಿಗಿ, ಇನ್ನೊಂದು ಬರೀ ಹಿಡಿಯುವಷ್ಟು. ಡಯಲನ್ನು ಫಿಕ್ಸ್ಡ್ ಜಾ (ವೈಸ್‌ನ ಕದಲದ ದವಡೆ) ಮೇಲೆ ಓಡಿಸಿ, ಮೂವಿಂಗ್ ಜಾ ಮೇಲಲ್ಲ. ಬಿಗಿ ಬೋಲ್ಟಿನ ಕಡೆ ಸೊನ್ನೆ ಇಟ್ಟು, ಇನ್ನೊಂದು ತುದಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಇಷ್ಟಾದರೂ ಜಾಬ್‌ನ ಮೂಲೆ 90 ಡಿಗ್ರಿಗೆ ಬರದಿದ್ದರೆ ಮೂವಿಂಗ್ ಜಾ ಅದನ್ನು ಎತ್ತುತ್ತಿರಬಹುದು. ಮೂವಿಂಗ್ ಜಾ ಮತ್ತು ಜಾಬ್ ನಡುವೆ ದುಂಡು ರಾಡ್ ಇಟ್ಟು ಬಿಗಿ ಮಾಡಿ ನೋಡಿ. ಆಗಲೂ ಸರಿಯಾಗದಿದ್ದರೆ, ‘ನೀ’ಯನ್ನು ಮೇಲೆ ಕೆಳಗೆ ಮಾಡುತ್ತಾ ಫಿಕ್ಸ್ಡ್ ಜಾ ನೆಟ್ಟಗಿದೆಯೇ ಡಯಲ್‌ನಲ್ಲಿ ನೋಡಿ. ಕಾಗದ ತುರುಕುವುದು ಆ ಒಂದು ಜಾಬ್‌ಗೆ ಮಾತ್ರ. ಜಾ ಪ್ಲೇಟ್ ಸವೆದಿದ್ದರೆ ಗ್ರೈಂಡಿಂಗ್‌ಗೆ ಕೊಡಲೇಬೇಕು.