ಆಳಂದದ ಕಾರ್ಯಕರ್ತ ಯಾವ ಘಟಕಕ್ಕೆ ಸೇರಿದವನು? ಪಕ್ಷ ಸಂಘಟನೆಯ ಕುರಿತು ಟಿಪ್ಪಣಿ

ರಾಷ್ಟ್ರೀಯ ಪಕ್ಷದ ರಚನೆ ಎಂದೊಡನೆ ನಾವು ಗೋಪುರದ ಚಿತ್ರ ಬರೆಯುತ್ತೇವೆ: ಬುಡದಲ್ಲಿ ಬೂತ್, ತುದಿಯಲ್ಲಿ ದೆಹಲಿ. ಅದನ್ನು ಬಾಯಿಪಾಠ ಮಾಡುವ ಮೊದಲು ಕಲಬುರಗಿಯ ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಜಿಲ್ಲೆಯಲ್ಲಿ 9 ವಿಧಾನಸಭಾ ಕ್ಷೇತ್ರಗಳಿವೆ. ಅವುಗಳಲ್ಲಿ ಆಳಂದ ಮತ್ತು ಚಿಂಚೋಳಿ ಬೀದರ್ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಲಬುರಗಿ ಲೋಕಸಭಾ ಕ್ಷೇತ್ರಕ್ಕೆ ಬಂದಿದೆ. ಹಾಗಾಗಿ ಆಳಂದದ ಕಾರ್ಯಕರ್ತ ಸಭೆಗೆಂದು ಕಲಬುರಗಿಗೆ ಬರುತ್ತಾನೆ, ಲೋಕಸಭಾ ಚುನಾವಣೆಯಲ್ಲಿ ಮಾತ್ರ ಬೀದರ್ ಅಭ್ಯರ್ಥಿಗಾಗಿ ಮನೆಮನೆ ತಿರುಗುತ್ತಾನೆ. ಪಕ್ಷಗಳು ತಮ್ಮ ಅನುಕೂಲಕ್ಕೆ ಬೇರೆಯೇ ಗೆರೆ ಎಳೆದುಕೊಳ್ಳುವುದೂ ಉಂಟು. ಬಿಜೆಪಿಗೆ ಇಲ್ಲಿ ಕಲಬುರಗಿ ನಗರ, ಕಲಬುರಗಿ ಗ್ರಾಮಾಂತರ ಎಂಬ ಎರಡು ಸಂಘಟನಾ ಜಿಲ್ಲೆಗಳಿವೆ. ಒಂದರ ಮೇಲೊಂದು ಸರಿಯಾಗಿ ಕೂರದ ಈ ಗಡಿಗಳನ್ನು ಹೊಂದಿಸುವುದೇ ಜಿಲ್ಲಾ ಘಟಕದ ದೊಡ್ಡ ಕೆಲಸ ಎಂದು ನನಗೆ ಓದುತ್ತ ಓದುತ್ತ ಮನವರಿಕೆಯಾಯಿತು.

ಮೆಟ್ಟಿಲುಗಳ ಹೆಸರು ಪಕ್ಷದಿಂದ ಪಕ್ಷಕ್ಕೆ ಬದಲಾಗುತ್ತದೆ. ಕಾಂಗ್ರೆಸ್‌ನಲ್ಲಿ ಬೂತ್, ಬ್ಲಾಕ್, ಜಿಲ್ಲೆ, ಪ್ರದೇಶ (ಅಂದರೆ ರಾಜ್ಯ), ಎಐಸಿಸಿ ಎಂಬ ಅಖಿಲ ಭಾರತ ಸಮಿತಿ. ಬಿಜೆಪಿಯಲ್ಲಿ ಬೂತ್, ಶಕ್ತಿ ಕೇಂದ್ರ (ಕೆಲವು ಬೂತ್‌ಗಳ ಗುಂಪು), ಮಂಡಲ, ಜಿಲ್ಲೆ, ರಾಜ್ಯ, ರಾಷ್ಟ್ರ. ಮಹಿಳೆ, ಯುವಜನ, ರೈತರಿಗಾಗಿ ಇರುವ ಮೋರ್ಚಾ ಮತ್ತು ಮುಂಚೂಣಿ ಘಟಕಗಳು ಇವುಗಳ ಪಕ್ಕದಲ್ಲೇ ನಡೆಯುತ್ತವೆ.

ಬೂತ್ ಮಟ್ಟವನ್ನು ಒಂದೇ ಸಾಲಿನಲ್ಲಿ ದಾಟಿಬಿಡಬೇಡಿ. ಮತದಾರರ ಪಟ್ಟಿಯ ಒಂದು ಪುಟ ಕೈಗೆತ್ತಿಕೊಳ್ಳಿ: ಸುಮಾರು 30 ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು. ಬಿಜೆಪಿಯ ಪೇಜ್ ಪ್ರಮುಖ್ ನೋಡಿಕೊಳ್ಳುವುದು ಇಂಥ ಒಂದು ಪುಟವನ್ನು. ಯಾರು ತೀರಿಕೊಂಡಿದ್ದಾರೆ, ಯಾರು ಮದುವೆಯಾಗಿ ಬೇರೆ ಊರು ಸೇರಿದ್ದಾರೆ, ಯಾವ ಮನೆಯವರು ಮುಂಬೈಗೋ ಪುಣೆಗೋ ಗುಳೆ ಹೋಗಿದ್ದಾರೆ ಎಂಬುದು ಅದೇ ಓಣಿಯವರಿಗಲ್ಲದೆ ಬೆಂಗಳೂರಿನ ಕಚೇರಿಗೆ ತಿಳಿಯುವುದಿಲ್ಲ. ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ: ಬಿಎಲ್‌ಒ ಚುನಾವಣಾ ಆಯೋಗದ ಪರವಾಗಿ ಕೆಲಸ ಮಾಡುವ ಬೂತ್ ಮಟ್ಟದ ಅಧಿಕಾರಿ, ಬಿಎಲ್‌ಎ ಪಕ್ಷ ನೇಮಿಸುವ ಪ್ರತಿನಿಧಿ.

ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ ನಿಜಕ್ಕೂ ಇದೆಯೇ? ಇದಕ್ಕೆ ಉದಾಹರಣೆ ನಮ್ಮ ಕಲಬುರಗಿಯಲ್ಲೇ ಇದೆ. ಮಲ್ಲಿಕಾರ್ಜುನ ಖರ್ಗೆ 1969ರಲ್ಲಿ ಗುಲ್ಬರ್ಗಾ ನಗರ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾದರು, 2005ರಲ್ಲಿ ಕೆಪಿಸಿಸಿ (ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ) ಅಧ್ಯಕ್ಷರಾದರು, 2022ರ ಅಕ್ಟೋಬರ್‌ನಲ್ಲಿ ಎಐಸಿಸಿ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಚುನಾವಣೆಯಲ್ಲಿ ಮತ ಹಾಕಿದವರು ಪ್ರದೇಶ ಸಮಿತಿಗಳ ಪ್ರತಿನಿಧಿಗಳು. ಖರ್ಗೆ ಅವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072 ಮತ ಬಂದವು. ನಗರ ಸಮಿತಿಯಿಂದ ಆ ಸ್ಥಾನಕ್ಕೆ 53 ವರ್ಷ ಹಿಡಿಯಿತು ಎಂಬುದನ್ನೂ ಬರೆದುಕೊಳ್ಳಿ.

ಆದರೆ ದಿನನಿತ್ಯದ ಸಂಘಟನೆಯಲ್ಲಿ ನೇಮಕದ ಬಲವೇ ಹೆಚ್ಚು. ಪಕ್ಷದ ನಿಯಮಾವಳಿಯಲ್ಲಿ ಆಂತರಿಕ ಚುನಾವಣೆ ಎಂದು ಬರೆದಿದ್ದರೂ ಜಿಲ್ಲಾಧ್ಯಕ್ಷರ ಹೆಸರು ಬಹುತೇಕ ಮೇಲಿನಿಂದಲೇ ಇಳಿದು ಬರುತ್ತದೆ. ವರ್ಷಗಟ್ಟಲೆ ಪುಟ ಹಿಡಿದು ಓಡಾಡಿದವರ ಮಾತಿಗೆ ಆಗ ಬೆಲೆ ಸಿಗದಿದ್ದರೆ ನನಗೆ ಅದು ಸರಿ ಎನಿಸುವುದಿಲ್ಲ.

ಮೇಲಿನವರ ಹಿಡಿತ ಕಣ್ಣಿಗೆ ಕಾಣುವುದು ಬಿ ಫಾರಂನಲ್ಲಿ. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ, ಅಭ್ಯರ್ಥಿಗೆ ಪಕ್ಷದ ಚಿಹ್ನೆ ಸಿಗಬೇಕಾದರೆ ಎರಡು ಪತ್ರ ಬೇಕು. ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ಎ ಫಾರಂ ಹೇಳುತ್ತದೆ, ಅಭ್ಯರ್ಥಿ ಯಾರು ಎಂದು ಬಿ ಫಾರಂ ಹೇಳುತ್ತದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಇವು ಚುನಾವಣಾಧಿಕಾರಿಯ ಕೈ ಸೇರಬೇಕು. ಸಹಿ ಶಾಯಿಯಲ್ಲೇ ಇರಬೇಕು, ಸಹಿಯ ಮುದ್ರೆ ಒತ್ತಿದರೆ ನಡೆಯುವುದಿಲ್ಲ. ಆಳಂದದ ಎಲ್ಲ ಬೂತ್ ಸಮಿತಿಗಳೂ ಒಬ್ಬನ ಹಿಂದೆ ನಿಂತಿರಲಿ, ಆ ಹಾಳೆಯಲ್ಲಿ ಇನ್ನೊಬ್ಬನ ಹೆಸರಿದ್ದರೆ ಚಿಹ್ನೆ ಇನ್ನೊಬ್ಬನದೇ.